ಮುಂಜಾನೆಯ ಒಡೆದ ದನಿ

ಮೂಡಲಗಿ ಸೀಮೆಯ ತುಕ್ಕಾನಟ್ಟಿಯ ಸುತ್ತಣ ನಾಡು ಕಂಠಕ್ಕೆ ಹೆಸರಾದುದು. ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತವನ್ನು ಕೌಜಲಗಿ ನಿಂಗಮ್ಮ ಊರೂರಿಗೆ ಕೊಂಡೊಯ್ದದ್ದು ಈ ನೆಲದಿಂದಲೇ. ಇಂಥ ಕಡೆ ಒಬ್ಬರ ದನಿ ಕೆಟ್ಟಿತೆಂದರೆ ಕಾರಣ ಹುಡುಕಲು ಯಾರೂ ದೂರ ಹೋಗುವುದಿಲ್ಲ. ಕೂಗಿದ್ದು ಹೆಚ್ಚಾಯಿತು, ಥಂಡಿ ಹಿಡಿಯಿತು, ಇಲ್ಲವೇ ಕೆಂಪು ಚಟ್ನಿಯಿಂದ ಪಿತ್ತ ಮೇಲೇರಿತು. ಕಡೆಯ ಊಹೆ ಎಷ್ಟೋ ಸಲ ನಿಜಕ್ಕೆ ಸಮೀಪದ್ದು. ಆದರೆ ಪಾಪ, ಚಟ್ನಿಯೊಂದೇ ಅಪರಾಧಿಯಲ್ಲ.

ಇಲ್ಲಿನ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿಯೊಂದನ್ನು ಕಲ್ಪಿಸಿಕೊಳ್ಳಿ. ಐವತ್ತರ ಆಸುಪಾಸಿನ ಶಾಲಾ ಶಿಕ್ಷಕರು. ಕುತ್ತಿಗೆ ದಪ್ಪ, ಹೊಟ್ಟೆ ತುಸು ಮುಂದೆ. ರಾತ್ರಿ ಹತ್ತಕ್ಕೆ ರೊಟ್ಟಿಯೂಟ, ಹತ್ತೂವರೆಗೆ ಹಾಸಿಗೆ. ಗೊರಕೆ ಪಡಸಾಲೆಯವರೆಗೆ ಕೇಳುತ್ತದೆ. ಒಮ್ಮೆಲೇ ಅದು ನಿಂತುಬಿಡುತ್ತದೆ. ಹತ್ತು, ಇಪ್ಪತ್ತು ಸೆಕೆಂಡು ನಿಶ್ಶಬ್ದ; ಪತ್ನಿಯ ಎದೆ ಝಲ್ಲೆನ್ನುತ್ತದೆ. ಆಮೇಲೆ ಗಕ್ಕನೆ ಉಸಿರೆಳೆದು ಮತ್ತೆ ಗೊರಕೆ. ಬೆಳಗಾದರೆ ಅವರು ಹತ್ತಾರು ಸಲ ಕ್ಯಾಕರಿಸಿ ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಏನೋ ಸಿಕ್ಕಿಕೊಂಡಂತೆ ಮತ್ತೆ ಮತ್ತೆ ನುಂಗುತ್ತಾರೆ. ಮೊದಲ ಪಾಠದ ಹೊತ್ತಿಗೆ ದನಿ ಒಡೆದಿರುತ್ತದೆ. "ಎದಿ ಉರೀತೈತೇನ್ರಿ?" ಎಂದು ವೈದ್ಯರು ಕೇಳಿದರೆ ಇಲ್ಲವೆನ್ನುತ್ತಾರೆ. ಗೊರಕೆಯ ಮಾತನ್ನಂತೂ ಎತ್ತುವುದೇ ಇಲ್ಲ. ಗಂಟಲಿಗೂ ಅದಕ್ಕೂ ಏನು ನಂಟು?

ನಂಟಿದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿದಾಗ ಎದೆ ಸುಮ್ಮನಿರುವುದಿಲ್ಲ; ಮುಚ್ಚಿದ ಬಾಗಿಲಿನ ವಿರುದ್ಧ ಉಸಿರೆಳೆಯಲು ಹೆಣಗುತ್ತದೆ. ಬಾಯಿ ಅಮುಕಿದ ಪಿಚಕಾರಿಯ ಹಿಡಿಕೆಯನ್ನು ಹಿಂದಕ್ಕೆ ಜಗ್ಗಿದರೆ ಹೇಗೋ ಹಾಗೆ, ಎದೆಗೂಡಿನೊಳಗೆ ಒತ್ತಡ ಕುಸಿಯುತ್ತದೆ. ಅನ್ನನಾಳದ ಕೆಳತುದಿಯ ಬಿಗಿತ ಸಡಿಲವಾಗಿದ್ದರೆ ಆ ಸೆಳೆತಕ್ಕೆ ಜಠರದ ಆಮ್ಲ ಮೇಲೇರುತ್ತದೆ. ಮಲಗಿದವನಿಗೆ ಭೂಮಿಯ ಆಕರ್ಷಣೆಯ ನೆರವಿಲ್ಲ. ಎಂಜಲು ನುಂಗಿ ಅದನ್ನು ತೊಳೆಯುವ ಕ್ರಿಯೆಯೂ ನಿದ್ದೆಯಲ್ಲಿ ವಿರಳ. ಅನ್ನನಾಳ ಆಮ್ಲವನ್ನು ಒಂದಿಷ್ಟು ತಾಳೀತು. ಧ್ವನಿಪೆಟ್ಟಿಗೆಯ ನವಿರಾದ ಪೊರೆ ತಾಳದು. ಆಮ್ಲದ ಜೊತೆಗೆ ಬರುವ ಪೆಪ್ಸಿನ್ ಎಂಬ ಜೀರ್ಣರಸವೂ ಅದನ್ನು ಕೆಣಕುತ್ತದೆ. ಎದೆಯುರಿಯೇ ಇಲ್ಲದೆ ಗಂಟಲು ಕೆಡುವುದು ಹೀಗೆ.

ಆದರೆ ಒಂದೇ ಇನ್ನೊಂದಕ್ಕೆ ಕಾರಣವೆಂದು ವೈದ್ಯಲೋಕ ಒಕ್ಕೊರಲಿನಿಂದ ಹೇಳುವುದಿಲ್ಲ. ಬೊಜ್ಜು ಎರಡನ್ನೂ ಬೆಳೆಸುತ್ತದೆ. ಆಮ್ಲದಿಂದ ಊದಿದ ಗಂಟಲು ಉಸಿರಿನ ದಾರಿಯನ್ನು ಮತ್ತಷ್ಟು ಕಿರಿದಾಗಿಸಬಹುದೆಂಬ ವಾದವೂ ಉಂಟು. ಇಬ್ಬರೂ ಒಂದೇ ಮನೆಯಲ್ಲಿ ಕಾಣಸಿಗುವ ಕಳ್ಳರೆಂಬುದು ಮಾತ್ರ ನಿಶ್ಚಿತ.

ಗೊರಕೆಯನ್ನು ಲೋಕ ಬಹುಕಾಲ ನಗೆಯ ವಸ್ತುವಾಗಿಯೇ ಕಂಡಿತು. 1836-37ರಲ್ಲಿ ಧಾರಾವಾಹಿಯಾಗಿ ಬಂದ ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ನಿಂತಲ್ಲೇ ನಿದ್ದೆಹೋಗುವ ದಪ್ಪ ಹುಡುಗನೊಬ್ಬನಿದ್ದಾನೆ. ಓದುಗರು ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಬೊಜ್ಜು, ತೂಕಡಿಕೆ, ಕ್ಷೀಣ ಉಸಿರಾಟಗಳ ಕಾಯಿಲೆಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು 1965ರಲ್ಲಿ ಯಂತ್ರಗಳಿಂದ ದಾಖಲಿಸಿದರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್, ಮೂಗಿನ ಮೂಲಕ ಸತತವಾಗಿ ಗಾಳಿಯೊತ್ತಿ ದಾರಿಯನ್ನು ತೆರೆದಿಡುವ ಉಪಾಯವನ್ನು ಪ್ರಕಟಿಸಿದರು. ಸೀಪ್ಯಾಪ್ ಎಂಬ ಈ ಯಂತ್ರ ಹಲವರಲ್ಲಿ ಆಮ್ಲದ ಏರಿಕೆಯನ್ನೂ ತಗ್ಗಿಸಿರುವುದು ಕಂಡುಬಂದಿದೆ. ಬರಿಯ ಆಮ್ಲದ ಗುಳಿಗೆ ನುಂಗುತ್ತ ಕೂತರೆ ಉಸಿರಿನ ಬಾಗಿಲು ತೆರೆಯದು.

ಭಾರತದಲ್ಲಿ ದುಡಿಯುವ ವಯಸ್ಸಿನ ಸುಮಾರು 10 ಕೋಟಿ ಜನರಿಗೆ ಈ ಉಸಿರುಕಟ್ಟು ಇರಬಹುದೆಂದು ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಅಂದಾಜಿಸಿದರು. ಎಲ್ಲರಿಗೂ ಯಂತ್ರ ಬೇಕಾಗದು. ತೂಕ ಇಳಿಸುವುದು, ಮದ್ಯವನ್ನು ಬಿಡುವುದು, ಊಟಕ್ಕೂ ನಿದ್ದೆಗೂ ನಡುವೆ ಮೂರು ಗಂಟೆ ಬಿಡುವುದು, ಎಡಮಗ್ಗುಲಾಗಿ ಮಲಗುವುದು—ಇವು ಬಹುಮಂದಿಗೆ ನೆರವಾಗುತ್ತವೆ. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಆರೆಂಟು ಅಂಗುಲ ಎತ್ತರಿಸಬಹುದು. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ಬಾಗಿ ಹೊಟ್ಟೆ ಮಡಿಚಿಕೊಳ್ಳುತ್ತದಷ್ಟೆ. ಹೊಲಕ್ಕೆ ನೀರು ಬಿಟ್ಟು ತಡರಾತ್ರಿ ಮನೆಗೆ ಬರುವ ರೈತನಿಗೆ ಮೂರು ಗಂಟೆಯ ಉಪದೇಶ ಕಠಿಣವೇ. ಆತ ಹೊಲಕ್ಕೆ ಹೋಗುವ ಮೊದಲೇ ಉಂಡು, ಬಂದಮೇಲೆ ಹಗುರವಾಗಿ ಏನಾದರೂ ತಿಂದರೆ ಮೇಲು.

ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಬೆಳಗಾವಿ ಜಿಲ್ಲೆ ನಿಪ್ಪಾಣಿಯ ತಂಬಾಕಿನ ಜಿಲ್ಲೆಯೂ ಹೌದು. ನಾಲ್ಕು ವಾರ ಕಳೆದರೂ ದನಿ ಸರಿಯಾಗದಿದ್ದರೆ, ವಿಶೇಷವಾಗಿ ಬೀಡಿ ಸೇದುವವರು, ಅದನ್ನು ಪಿತ್ತವೆಂದು ತಾವೇ ತೀರ್ಮಾನಿಸದೆ ಗಂಟಲಿನ ತಜ್ಞರಿಂದ ಧ್ವನಿಪೆಟ್ಟಿಗೆಯನ್ನು ಪರೀಕ್ಷಿಸಿಕೊಳ್ಳಬೇಕು. ಅಲ್ಲಿ ಅರ್ಬುದ ಅಡಗಿರಬಹುದು.

ಹಾಗೆ ಹೋಗುವಾಗ ಮೇಷ್ಟರು ಪತ್ನಿಯನ್ನೂ ಕರೆದೊಯ್ಯಲಿ. ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳದು. ಅದು ನಿಂತ ಹೊತ್ತಂತೂ ಗೊತ್ತೇ ಇರದು. "ನಡುವ ಉಸಿರ ನಿಲ್ಲತೈತ್ರಿ, ನಾನ ಅಲಗಾಡಸ್ತೀನಿ" ಎಂಬ ಆಕೆಯ ಒಂದು ಮಾತಿಗೆ ವೈದ್ಯರು ಟಾರ್ಚು ಕೆಳಗಿಟ್ಟು, ರಾತ್ರಿಯ ನಿದ್ದೆಯ ವಿಚಾರವನ್ನು ಮೊದಲಿನಿಂದ ಕೇಳತೊಡಗುತ್ತಾರೆ.