ಟವರಿಗೆ ತನ್ನ ದನಿಯೇ ಅಡ್ಡಿ: ಕೊಪ್ಪಳದಿಂದ ಯಲಬುರ್ಗಾದವರೆಗೆ

ಕೊಪ್ಪಳ ರೈಲು ನಿಲ್ದಾಣದಲ್ಲಿ ಗಾಡಿ ಹೊರಡುವ ಹೊತ್ತಿಗೆ ಕಿವಿಗೊಟ್ಟು ನಿಲ್ಲಬೇಕು. ಕೊನೆಯ ಡಬ್ಬಿಯ ಗಾರ್ಡ್ ವಾಕಿಟಾಕಿಯ ಗುಂಡಿ ಒತ್ತಿ ಲೋಕೊ ಪೈಲಟ್‌ಗೆ ಎರಡು ಮಾತು ಹೇಳುತ್ತಾರೆ, ಗುಂಡಿ ಬಿಡುತ್ತಾರೆ, ಆಮೇಲೆ ಉತ್ತರ ಬರುತ್ತದೆ. ಗುಂಡಿ ಒತ್ತಿದಷ್ಟು ಹೊತ್ತು ಆ ಸೆಟ್ಟಿಗೆ ಏನೂ ಕೇಳಿಸದು. ಹೇಳುವುದಕ್ಕೂ ಕೇಳುವುದಕ್ಕೂ ಒಂದೇ ಫ್ರೀಕ್ವೆನ್ಸಿ, ಆದ್ದರಿಂದ ಸರದಿ.

ಅಲ್ಲಿಂದ ಜವಾಹರ ರಸ್ತೆ ಹಿಡಿದು ಗವಿಮಠದ ಕಡೆ ನಡೆಯುತ್ತಾ ಹೋದರೆ ಮಾಳಿಗೆಗಳ ಮೇಲೆ ಮೊಬೈಲ್ ಟವರುಗಳು ಕಾಣುತ್ತವೆ. ಇಲ್ಲಿ ಸರದಿಯ ಗೊಡವೆ ಇದ್ದಂತೆ ಕಾಣುವುದಿಲ್ಲ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ಆದರೆ ಟವರಿನ ಪಾಡು ಕಷ್ಟದ್ದು. ಅದು ಹೊರಹಾಕುವ ಶಕ್ತಿ ಸುಮಾರು 40 ವ್ಯಾಟ್. ದೂರದ ಹೊಲದಲ್ಲಿ ನಿಂತವರ ಫೋನಿನಿಂದ ಅದೇ ಆಂಟೆನಾಕ್ಕೆ ಬಂದು ಮುಟ್ಟುವುದು ಅದರ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟಿರಬಹುದು. ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿದ್ದರೆ ಟವರಿಗೆ ತನ್ನ ದನಿ ಬಿಟ್ಟು ಬೇರೇನೂ ಕೇಳದು. ಅದಕ್ಕೇ ದಾರಿ ಬೇರೆ ಮಾಡಿದ್ದಾರೆ: 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಫೋನಿನಿಂದ ಟವರಿಗೆ 890ರಿಂದ 915, ಟವರಿನಿಂದ ಫೋನಿಗೆ 935ರಿಂದ 960. 5ಜಿಯ 3.5 ಗಿಗಾಹರ್ಟ್ಸ್ ಸುಮಾರಿನ ಬ್ಯಾಂಡಿನಲ್ಲಿ ಮತ್ತೆ ವಾಕಿಟಾಕಿಯ ಸರದಿಯೇ. ಮಿಲಿಸೆಕೆಂಡುಗಳಲ್ಲಿ ಬದಲಾಗುವುದರಿಂದ ನಮ್ಮ ಅರಿವಿಗೆ ಬಾರದು, ಅಷ್ಟೆ. ಹೇಗೇ ಮಾಡಿದರೂ ಹರಾಜಿನಲ್ಲಿ ಕೋಟಿಗಟ್ಟಲೆ ಸುರಿದು ಕೊಂಡ ಸ್ಪೆಕ್ಟ್ರಂ ಹೋಗಲಿಕ್ಕೊಂದು, ಬರಲಿಕ್ಕೊಂದು ಎಂದು ಪಾಲಾಗುತ್ತದೆ.

ಪಾಲು ಮಾಡದೆ, ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಹೊತ್ತಿಗೆ ಹೇಳಿ ಕೇಳುವುದೇ ಫುಲ್ ಡ್ಯೂಪ್ಲೆಕ್ಸ್. ಗವಿಸಿದ್ಧೇಶ್ವರ ಜಾತ್ರೆಯ ಬಯಲಿನಲ್ಲಿ ಮೈಕ್ ಸೆಟ್ ಹಾಕುವವರಿಗೆ ಇದರ ತೊಡಕನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪೀಕರಿನ ದನಿ ಮೈಕಿಗೆ ಮರಳಿ ಹೊಕ್ಕರೆ ಮೈಕ್ 'ಕೂಗಾಕ ಹತ್ತೈತಿ' ಅನ್ನುತ್ತಾರೆ, ಸ್ಪೀಕರಿನ ಮುಖ ತಿರುಗಿಸುತ್ತಾರೆ, ಇಲ್ಲವೇ ಮೈಕನ್ನು ಹಿಂದಕ್ಕೆ ಸರಿಸುತ್ತಾರೆ.

ಗಂಗಾವತಿಯಲ್ಲಿ ಈ ಕೂಗು ರೇಡಿಯೊ ರೂಪದಲ್ಲೇ ಸಿಗುತ್ತದೆ. ತಗಡು ಹೊದಿಸಿದ ರೈಸ್ ಮಿಲ್ಲಿನೊಳಗೆ ಸಿಗ್ನಲ್ ನುಗ್ಗುವುದು ಕಷ್ಟ. ಅದಕ್ಕಾಗಿ ಕೆಲವರು ಬೂಸ್ಟರ್ ತರುತ್ತಾರೆ: ಮಾಳಿಗೆಯ ಮೇಲೊಂದು ಆಂಟೆನಾ, ನಡುವೆ ಆಂಪ್ಲಿಫೈಯರ್, ಒಳಗೊಂದು ಆಂಟೆನಾ. ಟವರಿನ ಸಿಗ್ನಲನ್ನು ಅದೇ ಫ್ರೀಕ್ವೆನ್ಸಿಯಲ್ಲಿ ಹಿಗ್ಗಿಸಿ ಒಳಗೆ ಬಿಡುತ್ತದೆ, ಒಳಗಿನದನ್ನು ಹೊರಗೆ ಕಳಿಸುತ್ತದೆ. ಎರಡು ಆಂಟೆನಾಗಳ ನಡುವಿನ ತಡೆ ಈ ಹಿಗ್ಗಿಗಿಂತ ಕನಿಷ್ಠ 15 ಡೆಸಿಬೆಲ್ ಹೆಚ್ಚಿರಬೇಕೆಂಬುದು ತಂತ್ರಜ್ಞರ ಲೆಕ್ಕ. ತಡೆ ಸಾಲದೆ ಹೋದರೆ ಬೂಸ್ಟರ್ ತನ್ನನ್ನೇ ಕೇಳಿಸಿಕೊಂಡು ಕೂಗತೊಡಗುತ್ತದೆ. ಆ ಕೂಗು ಟವರಿನ ಕಿವಿ ತುಂಬುತ್ತದೆ. ಸುತ್ತಲಿನ ಓಣಿಗಳವರ ಕರೆಗಳು ಕಟ್ಟಾಗುತ್ತವೆ, ಯಾಕೆಂದು ಅವರಿಗೆ ತಿಳಿಯುವುದೂ ಇಲ್ಲ. ಪರವಾನಗಿ ಇಲ್ಲದೆ ಬೂಸ್ಟರ್ ಇಟ್ಟುಕೊಳ್ಳುವುದು ಅಪರಾಧ, ಅದು ಸರಿಯಾದ ಕಾನೂನೇ. ಹಾಗೆಂದು ಇಟ್ಟುಕೊಂಡವರನ್ನು ಬರೇ ಬೈದು ಪ್ರಯೋಜನವಿಲ್ಲ. ಲಾರಿ ಬಂತೇ, ಭತ್ತದ ದರ ಎಷ್ಟಾಯಿತು ಎಂಬ ಮಾತೆಲ್ಲ ಫೋನಿನಲ್ಲೇ ನಡೆಯುವ ಊರಿದು.

ಆನೆಗೊಂದಿಯ ದಾರಿಯಲ್ಲಿ, ಅಂಜನಾದ್ರಿಯ ಬುಡದಲ್ಲಿ ನಿಂತರೆ ಸುತ್ತಲೂ ಬಂಡೆಗಳ ರಾಶಿ. ಕೊಪ್ಪಳ ಸೀಮೆಯಲ್ಲಿ ಫುಲ್ ಡ್ಯೂಪ್ಲೆಕ್ಸನ್ನು ನಿಜವಾಗಿ ಒರೆಗೆ ಹಚ್ಚುವ ಜಾಗ ಇದು ಎಂದು ನನ್ನ ಎಣಿಕೆ. ರೇಡಿಯೊ ತಾನು ಕಳಿಸಿದ್ದೇನೆಂದು ತನಗೇ ಗೊತ್ತಲ್ಲ, ಅದನ್ನು ಕಳೆದುಬಿಟ್ಟರಾಯಿತಲ್ಲ ಅನ್ನಿಸಬಹುದು. ಆದರೆ ಕಳಿಸಿದ್ದು ಕಳಿಸಿದ ಹಾಗೇ ಮರಳಿ ಬರುವುದಿಲ್ಲ. ಸ್ವಲ್ಪ ನೇರವಾಗಿ ಸೋರುತ್ತದೆ. ಸ್ವಲ್ಪ 150 ಮೀಟರ್ ಆಚೆಯ ಬಂಡೆಗೆ ತಾಗಿ ಒಂದು ಮೈಕ್ರೊಸೆಕೆಂಡ್ ತಡವಾಗಿ ಬರುತ್ತದೆ. ಆಂಪ್ಲಿಫೈಯರ್ ತನ್ನ ಡೊಂಕನ್ನೂ ಸೇರಿಸಿರುತ್ತದೆ. ಪ್ರತಿಯೊಂದರ ನಕಲನ್ನು ಅಳೆದು, ತಡಮಾಡಿ, ತಲೆಕೆಳಗು ಮಾಡಿ ಕೂಡಿಸಬೇಕು. ಅದೂ ಎರಡು ಹಂತದಲ್ಲಿ: ಸಿಗ್ನಲ್ ಅಂಕಿಗಳಾಗಿ ಬದಲಾಗುವ ಮುನ್ನವೇ ಸರ್ಕ್ಯೂಟಿನಲ್ಲಿ ದೊಡ್ಡ ಪಾಲನ್ನು ಕಳೆಯಬೇಕು, ಇಲ್ಲವಾದರೆ ರಿಸೀವರ್ ತುಂಬಿ ಉಕ್ಕುತ್ತದೆ, ಉಳಿದದ್ದನ್ನು ಗಣಿತದಿಂದ. 2013ರಲ್ಲಿ ಸ್ಟ್ಯಾನ್‌ಫರ್ಡಿನ ದಿನೇಶ್ ಭರಾಡಿಯಾ, ಎಮಿಲಿ ಮೆಕ್‌ಮಿಲಿನ್, ಸಚಿನ್ ಕಟ್ಟಿ ಒಂದೇ ಆಂಟೆನಾದ ವೈಫೈಯಲ್ಲಿ 110 ಡೆಸಿಬೆಲ್‌ನಷ್ಟು ಕಳೆದು ತೋರಿಸಿದರು. ಅಂದರೆ ತನ್ನ ದನಿಯನ್ನು ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದಂತೆ. ಟವರಿಗೆ ಬೇಕಾದ್ದು ಅದಕ್ಕೂ ಬಹಳ ಹೆಚ್ಚು.

ಕನಕಗಿರಿ, ತಾವರಗೇರಾ ದಾಟಿ ಕುಷ್ಟಗಿಗೆ ಬಂದಾಗ ಅಂಗಡಿಯೊಂದರ ಗಲ್ಲಾದ ಮೇಲೆ ಲ್ಯಾಂಡ್‌ಲೈನ್ ಫೋನ್ ಕಂಡಿತು. ಒಂದೇ ಜೋಡಿ ತಂತಿಯಲ್ಲಿ ಎರಡೂ ಕಡೆಯ ಮಾತು! ದೂರದ ಕರೆಗಳಲ್ಲಿ ತನ್ನ ಮಾತೇ ಪ್ರತಿಧ್ವನಿಯಾಗಿ ಮರಳುವುದನ್ನು ತಾನೇ ಕಲಿತು ಕಳೆಯುವ ಸಾಧನದ ಬಗ್ಗೆ 1967ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬರೆದ ಮನ್ ಮೋಹನ್ ಸೋಂಧಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಇಂದಿನ ಫುಲ್ ಡ್ಯೂಪ್ಲೆಕ್ಸಿನ ಗಣಿತದ ಬೇರು ಅಲ್ಲಿದೆ.

ಯಲಬುರ್ಗಾ ಕಡೆಯ ಎರಿ ಹೊಲಗಳಲ್ಲಿ ಬಂಡೆಗಳಿಲ್ಲ, ಗಾಳಿಯಂತ್ರಗಳಿವೆ. ರೆಕ್ಕೆಯ ತುದಿ ಜೋರು ಗಾಳಿಗೆ ಸೆಕೆಂಡಿಗೆ 70 ಮೀಟರ್ ಸುಮಾರು ಚಲಿಸುತ್ತದೆ. ಅದಕ್ಕೆ ತಾಗಿ ಬರುವ ಪ್ರತಿಫಲನ ಗಳಿಗೆ ಗಳಿಗೆಗೂ ಬದಲು. ಕಳೆಯುವ ಸರ್ಕ್ಯೂಟ್ ಮತ್ತೆ ಮತ್ತೆ ಹೊಸದಾಗಿ ಕಲಿಯುತ್ತಿರಬೇಕು. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ಸದ್ಯಕ್ಕೆ ಅರ್ಧ ದಾರಿ ಹಿಡಿದಿದೆ: ಟವರ್ ಮಾತ್ರ ಒಟ್ಟಿಗೆ ಹೇಳಿ ಕೇಳುತ್ತದೆ, ಅದೂ ಬ್ಯಾಂಡಿನ ಬೇರೆ ಬೇರೆ ತುಂಡುಗಳಲ್ಲಿ. ಪುಟ್ಟ ಬ್ಯಾಟರಿಯ ಫೋನಿಗೆ ಆ ಭಾರ ಹೊರಿಸಿಲ್ಲ.

ನನ್ನ ಮಟ್ಟಿಗೆ, ಈ ಸೀಮೆಯ ಊರುಗಳಿಗೆ ಈ ವಿದ್ಯೆ ಮೊದಲು ಬರಬೇಕಾದ್ದು ರಿಪೀಟರಿನ, ಅಂದರೆ ಬೂಸ್ಟರಿನಂತೆ ಸಿಗ್ನಲನ್ನು ಹಿಗ್ಗಿಸಿ ಮುಂದೆ ಕಳಿಸುವ ಸಾಧನದ, ರೂಪದಲ್ಲಿ. ತನ್ನ ಪ್ರತಿಧ್ವನಿಯನ್ನು ತಾನೇ ಕಳೆದುಕೊಳ್ಳುವ ರಿಪೀಟರುಗಳು ಮಾರುಕಟ್ಟೆಯಲ್ಲಿವೆ. ಮೊಬೈಲ್ ಕಂಪನಿಗಳು ತಾವೇ ಮುಂದೆ ಬಂದು ಅಂಥವನ್ನು ಆನೆಗೊಂದಿಯ ಬಂಡೆಗಳ ಮರೆಯ ಊರುಗಳಿಗೂ ಗಂಗಾವತಿಯ ಮಿಲ್ಲುಗಳಿಗೂ ಹಾಕಿಕೊಟ್ಟರೆ, ಕೂಗುವ ಬೂಸ್ಟರುಗಳನ್ನು ಜನ ತಾವಾಗಿಯೇ ಇಳಿಸಿಯಾರು.