ಒಂದು ಅಗುಳು ಸಾಲದು

ತಪ್ಪು ಕಲ್ಪನೆ: ಲೋಹದ ತ್ರೀಡಿ ಪ್ರಿಂಟಿಂಗ್‌ನಲ್ಲಿ ಎಲ್ಲವೂ ಕಂಪ್ಯೂಟರ್ ಹೇಳಿದಂತೆ. ಫೈಲು, ಯಂತ್ರ, ಪುಡಿ ಒಂದೇ ಆದರೆ ಹತ್ತು ಭಾಗಗಳ ಬಲವೂ ಒಂದೇ.

ಸತ್ಯ: ಆಕಾರ ಒಂದೇ ಇರಬಹುದು, ಬಲ ಇರಲೇಬೇಕೆಂದಿಲ್ಲ. ಲೇತ್‌ನಲ್ಲಿ ಕಡೆಯುವವನ ಕೈಗೆ ಸಿದ್ಧವಾದ ಸರಳು ಬರುತ್ತದೆ. ಅದರ ಗುಣ ಮೊದಲೇ ನಿಗದಿಯಾಗಿರುತ್ತದೆ. ಇಲ್ಲಿ ಭಾಗ ಹುಟ್ಟುವಾಗಲೇ ಲೋಹವೂ ಹುಟ್ಟುತ್ತದೆ. ಸಾಮಾನ್ಯವಾಗಿ 30ರಿಂದ 60 ಮೈಕ್ರಾನ್ ದಪ್ಪಕ್ಕೆ ಪುಡಿ ಹರಡಿ, ಲೇಸರ್‌ನಿಂದ ಕರಗಿಸಿ, ಮೇಲೆ ಮತ್ತೊಂದು ಪದರ. ಹೀಗೆ ಸಾವಿರಾರು ಸಲ. ಯಂತ್ರದೊಳಗೆ ಒಂದು ಮೂಲೆಯಲ್ಲಿ ಆರ್ಗಾನ್ ಅನಿಲ ಸರಿಯಾಗಿ ಹರಿಯದೆ ಹೊಗೆ ನಿಂತರೆ ಲೇಸರ್ ಮಂಕಾಗಿ, ಪದರಗಳ ನಡುವೆ ಕರಗದ ಪುಡಿ ಉಳಿಯುತ್ತದೆ. ಶಾಖ ಅತಿಯಾದರೆ ಆವಿ ಕೊರೆದ ಗುಂಡಿ ಕುಸಿದು ಒಳಗೆ ಗುಳ್ಳೆ ನಿಲ್ಲುತ್ತದೆ. ತೆಳು ಗೋಡೆ, ದಪ್ಪ ಗೋಡೆ ಒಂದೇ ವೇಗದಲ್ಲಿ ತಣಿಯುವುದಿಲ್ಲ. ಲೋಹದ ಕಣಗಳೂ ಭಾಗ ಮೇಲೇಳುವ ದಿಕ್ಕಿಗೇ ಕಂಬದಂತೆ ಬೆಳೆಯುವುದರಿಂದ, ನಿಲ್ಲಿಸಿ ಮುದ್ರಿಸಿದ ಸರಳಿಗೂ ಮಲಗಿಸಿ ಮುದ್ರಿಸಿದ್ದಕ್ಕೂ ಬಲದಲ್ಲಿ ವ್ಯತ್ಯಾಸ ಬರುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಮುದ್ರಿಸಿದ ಲೋಹ ದುರ್ಬಲ.

ಸತ್ಯ: ಇಲ್ಲ. ಶೇ 6 ಅಲ್ಯೂಮಿನಿಯಂ, ಶೇ 4 ವೆನೇಡಿಯಂ ಸೇರಿದ ಟೈಟಾನಿಯಂ ಮಿಶ್ರಲೋಹವನ್ನು ಲೇಸರ್‌ನಲ್ಲಿ ಮುದ್ರಿಸಿದರೆ, ಎಳೆದಾಗ ಎರಕದ್ದಕ್ಕಿಂತ ಹೆಚ್ಚು ತಡೆಯುತ್ತದೆ. ಥಟ್ಟನೆ ತಣಿದದ್ದೇ ಅದಕ್ಕೆ ಕಾರಣ. ಹಿಗ್ಗುವ ಗುಣ ಕಡಿಮೆಯಾಗುವುದಕ್ಕೂ ಅದೇ ಕಾರಣ.

ತಪ್ಪು ಕಲ್ಪನೆ: ಒಂದು ಸರಳನ್ನು ಎಳೆದು ಪರೀಕ್ಷಿಸಿ ಪಾಸಾದರೆ ಮುಗಿಯಿತು.

ಸತ್ಯ: ನನಗೆ ಅತಿ ಅಪಾಯಕಾರಿ ಅನ್ನಿಸುವ ನಂಬಿಕೆ ಇದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಯಾಕೆಂದರೆ ಇಡೀ ಪಾತ್ರೆ ಒಂದೇ ಒಲೆಯ ಮೇಲಿದೆ. ಇಲ್ಲಿ ಪ್ರತಿ ಅಗುಳಿಗೂ ಬೇರೆ ಒಲೆ. ಒಮ್ಮೆ ಎಳೆದಾಗ ಸುಳಿವೇ ಕೊಡದ ಸಣ್ಣ ಗುಳ್ಳೆಯಿಂದಲೇ, ಲಕ್ಷಾಂತರ ಸಲ ಅದುರಿದ ಮೇಲೆ ಬಿರುಕು ಹೊರಡುತ್ತದೆ. ಈ ಟೈಟಾನಿಯಂ ಭಾಗಗಳನ್ನು ಸುಮಾರು 920 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವಾತಾವರಣದ ಸಾವಿರ ಪಟ್ಟು ಒತ್ತಡದಲ್ಲಿಟ್ಟರೆ ಒಳಗುಳ್ಳೆಗಳು ಮುಚ್ಚಿಕೊಳ್ಳುತ್ತವೆ; ಮೇಲ್ಮೈಗೆ ಬಾಯಿ ತೆರೆದವು ಮುಚ್ಚುವುದಿಲ್ಲ. ಹಾಗಾಗಿ 2021ರ ನಾಸಾ ಮಾನದಂಡ ಮುಖ್ಯ ಭಾಗಗಳ ಜೊತೆಗೇ ಪರೀಕ್ಷೆಗೆಂದು ಸಾಕ್ಷಿ ಸರಳುಗಳನ್ನೂ ಮುದ್ರಿಸಲು ಹೇಳುತ್ತದೆ.

ಒಂದೇ ಪರೀಕ್ಷೆಗೆ ನಿಲ್ಲದಿರುವುದಕ್ಕೆ ಒಂದು ಉದಾಹರಣೆ: 2024ರ ಮೇ 9ರಂದು ಇಸ್ರೋ, ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ ಪಿಎಸ್4 ಎಂಜಿನ್ನನ್ನು 665 ಸೆಕೆಂಡು ಉರಿಸಿತು. ಅದನ್ನು ಮುದ್ರಿಸಿದ್ದು ಬೆಂಗಳೂರಿನ ವಿಪ್ರೋ ತ್ರೀಡಿ. 14 ಬಿಡಿಭಾಗ ಒಂದಾದದ್ದು, 19 ಬೆಸುಗೆ ಬೇಡವಾದದ್ದು ಸುದ್ದಿಯಾಯಿತು. ಅದಕ್ಕೆ ಮುನ್ನ ನಾಲ್ಕು ಸಲ, ಎಲ್ಲ ಸೇರಿ ಬರೀ 74 ಸೆಕೆಂಡು, ಎಂಜಿನ್ ಉರಿಸಿ ನೋಡಿದ್ದರು.