ಕಪ್ಪಗಲ್ಲಿನ ಶಿಲಾಚಿತ್ರಗಳೂ ಅವುಗಳ ಸ್ಥಳವೂ

ಕನ್ನಡದ ವಿದ್ವಾಂಸರಿಗೆ ಕಲ್ಲೆಂದೊಡನೆ ನೆನಪಾಗುವುದು ಶಾಸನ. ಇದು ಸಹಜವೇ ಸರಿ. ಬಿ. ಎಲ್. ರೈಸ್ ಅವರು ೧೮೮೬ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲನೆಯ ಸಂಪುಟವನ್ನು ಹೊರತಂದುದು ಮೊದಲ್ಗೊಂಡು ಮೈಸೂರು ನಗರವು ಶಾಸನಾಧ್ಯಯನದ ನೆಲೆಯಾಗಿ ಬೆಳೆದು ಬಂದಿದೆ. ೧೯೬೬ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನಶಾಖೆಯೂ ಉದಕಮಂಡಲದಿಂದ ಇಲ್ಲಿಗೆ ಬಂದಿತು. ಕಾಡಿನಲ್ಲಿಯೋ ಹಾಳುಗುಡಿಯಲ್ಲಿಯೋ ಇರುವ ಶಾಸನದ ಮೇಲೆ ಒದ್ದೆಯ ಕಾಗದವನ್ನು ಹೊದಿಸಿ, ಮಸಿಯಿಂದ ಪಡಿಯಚ್ಚನ್ನು ತೆಗೆದು ತಂದರೆ, ವಿದ್ವಾಂಸರು ಮೈಸೂರಿನಲ್ಲಿ ಕುಳಿತೇ ಅದನ್ನು ಓದಬಹುದು. ಡಾ. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದ ಹಲ್ಮಿಡಿಯ ಶಾಸನವಂತೂ ಕಲ್ಲಿನ ಸಮೇತ ಮೈಸೂರಿಗೆ ಬಂದಿತು. ಆದರೂ ಅದರ ವಾಕ್ಯದಲ್ಲಿ ಒಂದಕ್ಷರವೂ ನಷ್ಟವಾಗಲಿಲ್ಲ. ಅಕ್ಷರಕ್ಕೆ ಇರುವ ದೊಡ್ಡ ಗುಣವೇ ಇದು: ಸ್ಥಳದಿಂದ ಬೇರ್ಪಟ್ಟರೂ ಅದು ಅರ್ಥವನ್ನು ಕೊಡುತ್ತದೆ.

ಆದರೆ ಕನ್ನಡನಾಡಿನ ಬಂಡೆಗಳ ಮೇಲೆ ಅಕ್ಷರಕ್ಕಿಂತ ಸಾವಿರಾರು ವರ್ಷ ಹಿಂದಿನ ಚಿತ್ರಗಳೂ ಇರುವುವು. ಅವನ್ನು ಶಾಸನದಂತೆ ಕಾಗದದ ಮೇಲೆ ತಂದು ಓದಲಾಗದು. ಅವುಗಳ ಅರ್ಥದಲ್ಲಿ ಬಹುಭಾಗವು ಅವು ಇರುವ ಸ್ಥಳದಲ್ಲಿಯೇ ಉಳಿದುಬಿಡುತ್ತದೆ. ಈ ಮಾತಿಗೆ ಬಳ್ಳಾರಿಯ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಈ ಗುಡ್ಡಗಳು ಬಳ್ಳಾರಿ ನಗರಕ್ಕೆ ಈಶಾನ್ಯದಲ್ಲಿ ಕೆಲವೇ ಮೈಲಿಗಳ ದೂರದಲ್ಲಿವೆ. ಬಳ್ಳಾರಿ ಜಿಲ್ಲೆಯು ೧೮೦೦ರಿಂದ ೧೯೫೩ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದುದರಿಂದ, ಮೈಸೂರು ಸಂಸ್ಥಾನದ ಹಳೆಯ ಸಂಶೋಧನ ಸಂಪುಟಗಳಲ್ಲಿ ಈ ಪ್ರದೇಶಕ್ಕೆ ಎಡೆಯಿರಲಿಲ್ಲ. ಇಲ್ಲಿಯ ಚಿತ್ರಗಳ ವಿಷಯವನ್ನು ಎಫ್. ಫಾಸೆಟ್ ಎಂಬುವರು ೧೮೯೨ರಲ್ಲಿ ‘ಏಷಿಯಾಟಿಕ್ ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೫೧ರಲ್ಲಿ ಡಿ. ಎಚ್. ಗಾರ್ಡನ್ ಅವರು ಮತ್ತೆ ಇವನ್ನು ಕುರಿತು ಬರೆದರು. ಈ ನಡುವೆ ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ ೧೯೪೮ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಗ್ರಂಥವನ್ನು ಹೊರತಂದಿದ್ದರು. ೧೯೬೪–೬೫ರಲ್ಲಿ ಜಡ್. ಡಿ. ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಪುನಃ ಅಗೆಸಿದರು. ಇಷ್ಟಾದರೂ ಚಿತ್ರಗಳ ಮಟ್ಟಿಗೆ ದೂರದ ಓದುಗರ ಕೈಗೆ ಬಂದದ್ದು ಕೆಲವು ಹಳೆಯ ಛಾಯಾಚಿತ್ರಗಳು ಮಾತ್ರ. ಛಾಯಾಚಿತ್ರದಲ್ಲಿ ಎತ್ತು ಕಾಣುತ್ತದೆ, ಗುಡ್ಡ ಕಾಣುವುದಿಲ್ಲ. ಗುಡ್ಡದ ಮಾತು ವಿದ್ವತ್ಪ್ರಪಂಚಕ್ಕೆ ಚೆನ್ನಾಗಿ ಕೇಳಿದುದು ೨೦೦೪ರಲ್ಲಿ ನಿಕೋಲ್ ಬೋಯ್ವಿನ್ ಅವರು ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ತಮ್ಮ ಸಮೀಕ್ಷೆಯನ್ನು ಪ್ರಕಟಿಸಿದ ಮೇಲೆಯೇ.

ಇಲ್ಲಿ ನಡೆಯುವುದಕ್ಕೆ ಪರ್ವತಾರೋಹಣದ ಸಾಹಸವೇನೂ ಬೇಕಿಲ್ಲ. ಸಮುದ್ರಮಟ್ಟದಿಂದ ಸುಮಾರು ೧,೬೦೦ ಅಡಿ ಎತ್ತರದ ಒಣ ಬಯಲು. ವರ್ಷದ ಮಳೆ ಸುಮಾರು ೨೦ ಅಂಗುಲ. ಕಪ್ಪು ಎರೆಯ ಹೊಲಗಳ ನಡುವೆ, ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗ್ರಾನೈಟ್ ಗುಂಡುಗಳ ಗುಡ್ಡಗಳು ತಟ್ಟನೆ ಏಳುವುವು. ಇವುಗಳಲ್ಲಿ ದೊಡ್ಡದಕ್ಕೆ ಹಿರೇಗುಡ್ಡವೆಂತಲೂ, ಮಿಕ್ಕವುಗಳಿಗೆ ಸಣ್ಣರಸಮ್ಮನ ಗುಡ್ಡ, ಚೌಡಮ್ಮನ ಗುಡ್ಡ ಎಂತಲೂ ಹೆಸರು. ಚಳಿಗಾಲದ ದಿನದಲ್ಲಿ ಹೊರಟವನು ಬೂದಿದಿಬ್ಬ, ಚಿತ್ರಗಳಿರುವ ಕರಿಯ ಬಂಡೆಯ ಸಾಲು, ಹಳೆಯ ಜನವಸತಿಯ ನೆಲೆ, ಈ ಮೂರನ್ನೂ ಒಂದೇ ಸುತ್ತಿನಲ್ಲಿ ಕಂಡು ಹಿಂದಿರುಗಬಹುದು. ಈ ಮೂರನ್ನು ಒಟ್ಟಾಗಿ ನೋಡುವುದರಲ್ಲಿಯೇ ವಿಷಯದ ಮರ್ಮವಿದೆ.

ಮೊದಲನೆಯದು ಬೂದಿದಿಬ್ಬ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು ಪ್ರದೇಶಗಳಲ್ಲಿ ಅನೇಕವಾಗಿವೆ. ಜನಸಾಮಾನ್ಯರು ಇವಕ್ಕೆ ಪುರಾಣದಿಂದ ಕಾರಣವನ್ನು ಹೇಳುವುದುಂಟು. ಕುಡತಿನಿಯ ಬಳಿಯ ಬೂದಿಯನ್ನು ಭೀಮನು ಕೊಂದ ಹಿಡಿಂಬನ ಬೂದಿಯೆಂದೂ, ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ದಹನಸ್ಥಾನವೆಂದೂ ಹೇಳುತ್ತ ಬಂದಿದ್ದಾರೆ. ಇದು ಸುಟ್ಟ ಸಗಣಿಯ ರಾಶಿಯೆಂದು ರಾಬರ್ಟ್ ಬ್ರೂಸ್ ಫೂಟ್ ಅವರು ಊಹಿಸಿದರು. ಎಫ್. ಆರ್. ಆಲ್ಚಿನ್ ಅವರು ಉಟ್ನೂರಿನ ಉತ್ಖನನದಲ್ಲಿ ದನಗಳ ಗೊರಸಿನ ಗುರುತುಗಳನ್ನೇ ಕಂಡು, ಇವು ನೂತನ ಶಿಲಾಯುಗದ ದನದ ದೊಡ್ಡಿಗಳೆಂದು ೧೯೬೩ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ದೊಡ್ಡಿಯಲ್ಲಿ ಕೂಡಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರಿಂದ ಈ ರಾಶಿಗಳು ಬೆಳೆದುವು. ಕಪ್ಪಗಲ್ಲಿನ ಬೂದಿಯೂ ಇದೇ ಜಾತಿಯದು. ಅಂದರೆ ಗುಡ್ಡವನ್ನು ಏರುವವನಿಗೆ ಎದುರಾಗುವ ಮೊದಲನೆಯ ಸಾಕ್ಷಿಯೇ ಪಶುಪಾಲನೆಯದು.

ಎರಡನೆಯದು ಕರಿಯ ಬಂಡೆಯ ಸಾಲು. ಬೆಳ್ಳಗಿನ ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಯ ಶಿಲೆಯ ಒಂದು ಒಡ್ಡು ಹಾದುಹೋಗಿದೆ. ಭೂಗರ್ಭದ ದ್ರವಶಿಲೆಯು ಬಿರುಕಿನೊಳಗೆ ನುಗ್ಗಿ ಗಟ್ಟಿಯಾದುದೇ ಈ ಒಡ್ಡು. ಇದು ಒಡೆದು ದೊಡ್ಡ ದೊಡ್ಡ ತುಂಡುಗಳಾಗಿ ಗುಡ್ಡದ ಮೇಲೆ ಚೆಲ್ಲಿದೆ. ಚಿತ್ರಗಳಿರುವುದು ಬಹುಪಾಲು ಈ ತುಂಡುಗಳ ಮೇಲೆಯೇ. ಬಿಸಿಲು ಮಳೆಗಳಿಂದ ಡಾಲರೈಟ್‌ನ ಮೈ ಕಪ್ಪಾಗುತ್ತದೆ. ಗಟ್ಟಿಯಾದ ಕಲ್ಲಿನಿಂದ ಕುಟ್ಟಿದರೆ ಒಳಗಿನ ತಿಳಿಬಣ್ಣ ಹೊರಬೀಳುತ್ತದೆ. ಕಾಲಕ್ರಮದಲ್ಲಿ ಕುಟ್ಟಿದ ಗುರುತೂ ಕಪ್ಪಾಗುತ್ತ ಬರುವುದು. ಆದುದರಿಂದ ಒಂದೇ ಬಂಡೆಯ ಮೇಲೆ ಹೆಚ್ಚು ಮಾಸಿದ ಚಿತ್ರವು ಹಳೆಯದೆಂತಲೂ, ಬೆಳ್ಳಗಿರುವುದು ಈಚಿನದೆಂತಲೂ ಗೊತ್ತುಮಾಡುವ ಅವಕಾಶವಿದೆ. ಒಂದರ ಮೇಲೊಂದು ಬಿದ್ದಿರುವ ಚಿತ್ರಗಳಿಂದ ಈ ನಿರ್ಣಯಕ್ಕೆ ಬೆಂಬಲ ದೊರೆಯುತ್ತದೆ. ಹಸ್ತಪ್ರತಿಯಲ್ಲಿ ಮೂಲಪಾಠವನ್ನೂ ತಿದ್ದುಪಡಿಗಳನ್ನೂ ಬೇರ್ಪಡಿಸುವ ಸಂಪಾದಕನ ಕೆಲಸಕ್ಕೆ ಇದು ತೀರ ದೂರವಾದುದಲ್ಲ. ಆದರೆ ಈ ಬಣ್ಣದ ತಾರತಮ್ಯವು ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಕಾಣುವಷ್ಟು ನಡುಹಗಲಿನಲ್ಲಿ ಕಾಣದು; ಮಸಿಯ ಪಡಿಯಚ್ಚಿನಲ್ಲಂತೂ ಸ್ವಲ್ಪವೂ ಉಳಿಯದು.

ಚಿತ್ರಗಳಲ್ಲಿ ಅಗ್ರಸ್ಥಾನವು ದನಗಳದು. ನೀಳವಾದ ಕೊಂಬು, ಎದ್ದು ಕಾಣುವ ಹಿಣಿಲು. ಮನುಷ್ಯಾಕೃತಿಗಳು ಕೆಲವೆಡೆ ಒಂಟಿಯಾಗಿಯೂ, ಕೆಲವೆಡೆ ದನಗಳ ಸಂಗಡವೂ, ಕೆಲವೆಡೆ ಒಬ್ಬರನ್ನೊಬ್ಬರು ಹಿಡಿದ ಸಾಲಾಗಿಯೂ ಇವೆ. ಬಿಲ್ಲುಬಾಣ ಹಿಡಿದವರಿದ್ದಾರೆ, ಮಿಥುನ ಚಿತ್ರಗಳೂ ಇವೆ. ಪುರುಷಾಕೃತಿಗಳೇ ಹೆಚ್ಚಾಗಿರುವುದರಿಂದ ಇವನ್ನು ಮಾಡಿದವರು ಗಂಡಸರಿರಬಹುದೆಂದು ಬೋಯ್ವಿನ್ ಅವರ ಊಹೆ. ಕೆಲವು ಚಿತ್ರಗಳು ಸುಲಭವಾಗಿ ಕೈಗೆಟುಕುವುದಿಲ್ಲ. ಚಾಚಿದ ಬಂಡೆಯಿಂದ ಜೋಲಾಡಿಕೊಂಡೇ ಅವನ್ನು ಕುಟ್ಟಿರಬೇಕು. ಹಾಗಿದ್ದಲ್ಲಿ ಚಿತ್ರವು ನೋಡುವವರಿಗಾಗಿ ಮಾತ್ರವಲ್ಲದೆ, ಮಾಡುವ ಕ್ರಿಯೆಗಾಗಿಯೂ ಹುಟ್ಟಿತೆಂದು ಹೇಳಬೇಕಾಗುವುದು. ಪಟದಲ್ಲಿ ಎಲ್ಲ ಚಿತ್ರಗಳೂ ಒಂದೇ ಎತ್ತರದಲ್ಲಿರುವುವು. ಈ ವ್ಯತ್ಯಾಸ ತಿಳಿಯಬೇಕಾದರೆ ಬಂಡೆಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡಬೇಕು.

ಇಷ್ಟೇ ಅಲ್ಲದೆ ಇಲ್ಲಿ ನಾದವೂ ಉಂಟು. ಕೆಲವು ಡಾಲರೈಟ್ ಗುಂಡುಗಳಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಅಲ್ಲಿಗೆ ಗ್ರಾನೈಟ್ ಕಲ್ಲಿನಿಂದ ಬಡಿದರೆ ಜಾಗಟೆಯಂಥ ಗಟ್ಟಿಯಾದ ಧ್ವನಿ ಹೊರಡುತ್ತದೆ. ಗುಳಿಗಳು ಬಹುಕಾಲ ಬಡಿದುದರಿಂದಲೇ ಆಗಿರುವ ಗುರುತುಗಳು. ಇನ್ನು ಮೂರನೆಯ ಸಾಕ್ಷಿಯಾದ ಜನವಸತಿಯ ನೆಲೆಯಲ್ಲಿ, ಇದೇ ಕರಿಯ ಶಿಲೆಯಿಂದ ಕಲ್ಗೊಡಲಿಗಳನ್ನು ಮಾಡುತ್ತಿದ್ದ ಕಾರ್ಯಸ್ಥಾನವು ಹಿರೇಗುಡ್ಡದ ಮೇಲೆ ದೊರೆತಿದೆ. ಕ್ರಿ. ಪೂ. ಎರಡನೆಯ ಸಹಸ್ರಮಾನದಲ್ಲಿ ಅದು ವಿಸ್ತಾರವಾಗಿ ನಡೆಯುತ್ತಿದ್ದಿತು. ಅಲ್ಲಿಯ ಮಣ್ಣಿನಿಂದ ಸೋಸಿ ತೆಗೆದ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ಬಯಲುಸೀಮೆಯ ರೈತನಿಗೆ ಇವು ಇಂದಿಗೂ ಅಪರಿಚಿತವಲ್ಲ.

ಈಗ ಮೂರನ್ನೂ ಕೂಡಿಸಿ ನೋಡಬೇಕು. ಒಂದೇ ಕರಿಯ ಶಿಲೆಯು ಆ ಜನಕ್ಕೆ ಕೊಡಲಿಯಾಯಿತು, ಚಿತ್ರಪಟವಾಯಿತು, ವಾದ್ಯವೂ ಆಯಿತು. ಈ ಮೂರೂ ಕೆಲಸಗಳ ಕ್ರಿಯೆ ಒಂದೇ, ಕಲ್ಲಿನಿಂದ ಕಲ್ಲನ್ನು ಬಡಿಯುವುದು. ಸಮೀಪದ ದೊಡ್ಡಿಯಲ್ಲಿ ಕಟ್ಟಿದ್ದ ದನವೇ ಮೇಲಿನ ಬಂಡೆಯ ಮೇಲೆ ರೂಪುಗೊಂಡಿತು. ದುಡಿಮೆ, ಆಟ, ಆಚರಣೆಗಳನ್ನು ಇಂದಿನವರು ಬೇರೆ ಬೇರೆ ಎಣಿಸುವಂತೆ ಅವರು ಎಣಿಸುತ್ತಿರಲಿಲ್ಲವೆಂಬುದು ಗುಡ್ಡವನ್ನು ಸುತ್ತಿದವನಿಗೆ ಮನದಟ್ಟಾಗುವ ಮಾತು. ಚಿತ್ರವನ್ನು ಮಾತ್ರ ಕಂಡವನಿಗೆ ಈ ಅರ್ಥ ಹೊಳೆಯದು.

ಆದರೆ ಸಾಹಿತ್ಯದ ಅಭ್ಯಾಸಿಗಳು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ದಕ್ಷಿಣ ಭಾರತದ ನೂತನ ಶಿಲಾಯುಗವು ಸುಮಾರು ಕ್ರಿ. ಪೂ. ೩೦೦೦ದಿಂದ ೧೨೦೦ರವರೆಗಿನದು. ಹಲ್ಮಿಡಿಯ ಶಾಸನವು ಕ್ರಿ. ಶ. ಐದನೆಯ ಶತಮಾನದ್ದು. ನಡುವಿನ ಅಂತರವು ಹಲ್ಮಿಡಿಯಿಂದ ಇಂದಿನವರೆಗಿನ ಕಾಲಕ್ಕಿಂತಲೂ ಹೆಚ್ಚು. ಚಿತ್ರಕಾರರ ನುಡಿ ಯಾವುದೆಂದು ಚಿತ್ರಗಳು ಹೇಳಲಾರವು. ತುರುಗೊಳ್ ಕಾಳಗದಲ್ಲಿ ಮಡಿದವರ ವೀರಗಲ್ಲುಗಳಲ್ಲಿಯೂ ದನಗಳಿವೆಯೆಂದು, ಅವು ಈ ಚಿತ್ರಗಳ ಸಂತತಿಯೆನ್ನುವುದು ಅವಸರದ ಮಾತಾದೀತು. ಒಣ ಬಯಲಿನಲ್ಲಿ ದನವೇ ಧನವಾದ ಕಾರಣ, ಬೇರೆ ಬೇರೆ ಕಾಲದ ಜನರು ಬೇರೆ ಬೇರೆಯಾಗಿಯೇ ಅದನ್ನು ಕಲ್ಲಿನಲ್ಲಿ ನಿಲ್ಲಿಸಿದರೆನ್ನುವುದು ಸಾಕು. ಸಾದೃಶ್ಯವನ್ನು ವಂಶಾವಳಿಯೆಂದು ತಿಳಿಯದಿರುವುದೇ ವಿಮರ್ಶೆಯ ಮೊದಲ ಪಾಠ.

ಇಂಥ ಸ್ಥಳಗಳನ್ನು ನಡೆದು ನೋಡುವ ಏರ್ಪಾಡು ಬೇರೆಡೆಗಳಲ್ಲಿ ಉಂಟು. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಎತ್ತರದ ಮರುಭೂಮಿಯಲ್ಲಿ, ಆಲ್ಬುಕರ್ಕಿ ನಗರದ ಅಂಚಿನಲ್ಲಿ, ಕರಿಯ ಬಸಾಲ್ಟ್ ಬಂಡೆಗಳ ಸಾಲೊಂದು ಸುಮಾರು ೧೭ ಮೈಲಿ ಉದ್ದಕ್ಕೆ ಹಬ್ಬಿದೆ. ಅದರ ಮೇಲೆ ಕಪ್ಪಗಲ್ಲಿನಲ್ಲಿರುವಂತೆಯೇ ಕುಟ್ಟಿ ತೆಗೆದ ಸುಮಾರು ೨೪,೦೦೦ ಚಿತ್ರಗಳಿವೆಯೆಂದು ಅಂದಾಜು. ೧೯೯೦ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವನ್ನಾಗಿ ಮಾಡಿದರು. ರಿಂಕೊನಾಡ ಎಂಬ ಕಣಿವೆಯಲ್ಲಿ ಎರಡು ಮೈಲಿಗಿಂತ ಸ್ವಲ್ಪ ಹೆಚ್ಚು ದೂರದ ಸುಲಭವಾದ ಸುತ್ತುದಾರಿಯಿದೆ. ದಾರಿಯನ್ನು ಗೊತ್ತುಮಾಡಿದುದರಿಂದ ಎರಡು ಲಾಭ: ನೋಡುವವನಿಗೆ ಚಿತ್ರವು ತನ್ನ ನೆಲೆಯಲ್ಲಿಯೇ ಕಾಣುತ್ತದೆ, ಚಿತ್ರಕ್ಕೆ ನೋಡುವವನ ಕೈಯಿಂದ ರಕ್ಷಣೆಯೂ ದೊರೆಯುತ್ತದೆ.

ಕಪ್ಪಗಲ್ಲಿನ ಸಂಗತಿ ಇಷ್ಟು ನೆಮ್ಮದಿಯದಲ್ಲ. ಗ್ರಾನೈಟ್‌ಗಾಗಿ ನಡೆದ ಗಣಿಗಾರಿಕೆಯು ಗುಡ್ಡದ ಕೆಲವು ಭಾಗಗಳನ್ನು ಕೆಡಿಸಿದ್ದಿತೆಂದೂ, ಉತ್ತರಕ್ಕೆ ಇನ್ನೂ ಹಳೆಯ ಚಿತ್ರಗಳಿದ್ದ ಬಂಡೆಯಾಸರೆಯೊಂದು ರಸ್ತೆಯ ಜಲ್ಲಿಗಾಗಿ ಭಾಗಶಃ ನಾಶವಾಗಿದ್ದಿತೆಂದೂ ೨೦೦೪ರಲ್ಲಿಯೇ ವರದಿಯಾಗಿತ್ತು. ಚಿತ್ರವಿರುವ ಬಂಡೆಗಳನ್ನು ಮಾತ್ರ ಬಿಟ್ಟು ಮಿಕ್ಕುದನ್ನು ಒಡೆದರೆ ಸಾಲದೆ ಎಂದು ಕೇಳುವವರಿರಬಹುದು. ಮೇಲೆ ಹೇಳಿದುದೆಲ್ಲ ಈ ಪ್ರಶ್ನೆಗೆ ಉತ್ತರ. ದೊಡ್ಡಿ ಹೋದರೆ ದನದ ಚಿತ್ರವು ಬರಿಯ ಅಲಂಕಾರವಾಗುವುದು. ನಾದದ ಗುಂಡು ಜರುಗಿದರೆ ಅದು ಮೂಕವಾಗಬಹುದು. ಕಾರ್ಯಸ್ಥಾನದ ಕಲ್ಚೂರುಗಳನ್ನು ಯಂತ್ರ ಗುಡಿಸಿದರೆ ಕಾಲನಿರ್ಣಯದ ಆಧಾರವೇ ತಪ್ಪುವುದು. ಇಲ್ಲಿ ರಕ್ಷಿಸಬೇಕಾದುದು ಚಿತ್ರಗಳ ಪಟ್ಟಿಯನ್ನಲ್ಲ, ಇಡೀ ಗುಡ್ಡವನ್ನು.

ಶಾಸನಗಳ ವಿಷಯದಲ್ಲಿ ಮೈಸೂರಿನ ವಿದ್ವಾಂಸರು ಹಳ್ಳಿ ಹಳ್ಳಿಗಳನ್ನು ತಿರುಗಿ, ಒಂದು ಕಲ್ಲನ್ನೂ ಬಿಡದೆ ಓದಿ ಅಚ್ಚು ಹಾಕಿಸಿದ ಶ್ರಮವು ಎಲ್ಲರಿಗೂ ತಿಳಿದದ್ದೇ. ಶಿಲಾಚಿತ್ರಗಳಿಗೆ ಆ ಶ್ರದ್ಧೆಯೇ ಬೇಕು, ಪದ್ಧತಿ ಮಾತ್ರ ಬೇರೆಯಾಗಬೇಕು. ಪ್ರತಿಯೊಂದು ಚಿತ್ರಕ್ಕೂ ಬಂಡೆಯ ದಿಕ್ಕು, ನೆಲದಿಂದ ಎತ್ತರ, ಮಾಸಿದ ಪ್ರಮಾಣ, ಮೇಲೆ ಕೆಳಗೆ ಬಿದ್ದಿರುವ ಬೇರೆ ಗೆರೆಗಳು, ಸಮೀಪದ ನಾದಶಿಲೆ, ಇವನ್ನೆಲ್ಲ ಬರೆದಿಡಬೇಕು. ಛಾಯಾಚಿತ್ರ ಸ್ಪಷ್ಟವಾಗಲೆಂದು ಸೀಮೆಸುಣ್ಣದಿಂದ ಗೆರೆಗಳನ್ನು ತುಂಬುವುದಾಗಲಿ, ಸಂದೇಹ ಪರಿಹಾರಕ್ಕೆಂದು ಬಂಡೆಯನ್ನು ಹೊಸದಾಗಿ ಬಡಿಯುವುದಾಗಲಿ ಕೂಡದು. ಹಾಗೆ ಬಡಿದ ಗುರುತು ಮುಂದಿನ ಓದುಗನಿಗೆ ಪ್ರಕ್ಷಿಪ್ತ ಪಾಠವಾಗಿ ಪರಿಣಮಿಸುತ್ತದೆ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಹಲ್ಮಿಡಿಯಿಂದ ಪ್ರಾರಂಭಿಸುವ ಉಪಾಧ್ಯಾಯರು, ಅದಕ್ಕೆ ಮೊದಲು ಒಂದು ದಿನ ವಿದ್ಯಾರ್ಥಿಗಳನ್ನು ಇಂಥ ಗುಡ್ಡವೊಂದರ ಸುತ್ತ ನಡೆಸಿದರೆ, ಬರೆಹವಿಲ್ಲದ ಕಾಲದಲ್ಲಿಯೂ ಈ ನಾಡಿನ ಕಲ್ಲು ಮನುಷ್ಯನ ಮಾತಿಗೆ ಒದಗಿದ್ದಿತೆಂಬುದು ಪಾಠವಿಲ್ಲದೆಯೇ ತಿಳಿದುಬರುವುದು.